ಹಿಂದೆ ಕೂರುವವರ ಅಳತೆ

ಟೈರಿನ ಮೈಮೇಲೆ ಉಬ್ಬಿದ ಅಕ್ಷರದಲ್ಲಿ ಮೂರು ಅಂಕಿ ಇರುತ್ತವೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಇಷ್ಟು ಪಾಲು ಎಂಬ ಲೆಕ್ಕದಲ್ಲಿ. ಮೂರನೆಯದು ಒಳಗೆ ಕೂರುವ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದೇ ವಸ್ತುವಿಗೆ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಅಂಟಿಸಿದ ಮಹಾನುಭಾವ ಯಾರೋ ಗೊತ್ತಿಲ್ಲ. ಟೈರು ಬಿಚ್ಚಿ ಹಾಕುವ ಕೆಲಸ ಮಾಡಿದವನಂತೂ ಅಲ್ಲ. ಆ ಮೂರು ಅಂಕಿಗಳ ಮುಂದೆ ದಿನವೂ ಮಂಡಿಯೂರಿ ನನ್ನ ಮಂಡಿ ಎರಡೂ ಹೋಗಿವೆ. ಇಷ್ಟು ಭಕ್ತಿಯನ್ನು ಬೇರೆ ಕಡೆ ತೋರಿಸಿದ್ದರೆ ಇಷ್ಟು ಹೊತ್ತಿಗೆ ಮೋಕ್ಷವಾಗುತ್ತಿತ್ತು.

ಅಂಗಡಿ ಇರುವುದು ರಾಮನಗರದಲ್ಲಿ, ಹಳೇ ಮೈಸೂರು ರಸ್ತೆಯಿಂದ ಒಳಗೆ ತಿರುಗಿದರೆ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಕಾರುಗಳು ನಮ್ಮನ್ನು ಮರೆತವು. ಬೈಕುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವು ನಮಗೆ ಉಳಿದವು. ಹಾಗೆ ಉಳಿದವುಗಳಲ್ಲಿ ಒಂದು ಬಗೆ ಉಂಟು. ನಿನ್ನೆ ಮೊನ್ನೆ ಹುಟ್ಟಿ ಅಜ್ಜನ ವೇಷ ಹಾಕಿಕೊಂಡ ಬೈಕು. ದುಂಡು ಹೆಡ್‌ಲೈಟು, ಹೊಟ್ಟೆ ಉಬ್ಬಿದ ಟ್ಯಾಂಕು, ಸ್ಪೋಕ್ ಚಕ್ರ, ಗಂಟಲು ಸರಿಮಾಡಿಕೊಳ್ಳುವ ಯಜಮಾನನಂಥ ಸದ್ದು. ವೇಷ ಬದಲಾಗುವುದಿಲ್ಲ, ಆದರೆ ಒಳಗೆ ಕಂಪನಿಯವರು ಆಗಾಗ ಏನಾದರೂ ಬದಲಾಯಿಸುತ್ತಲೇ ಇರುತ್ತಾರೆ, ಟೈರಿನ ಅಳತೆಯೂ ಸೇರಿ. ಹಾಗಾಗಿ ಗಾಡಿಯ ಮುಖ ನೋಡಿ ಟೈರಿನ ನಂಬರು ಹೇಳುವುದು ಮದುವೆ ಫೋಟೋ ನೋಡಿ ಹುಡುಗಿಯ ಕೈಯಡುಗೆ ಹೇಗಿದೆ ಎಂದು ಹೇಳಿದ ಹಾಗೆ.

ಅಂಥದ್ದೊಂದು ಗಾಡಿ ಒಂದು ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೇ ಬಂದು ನಿಂತಿತು. ಓಡಿಸುತ್ತಿದ್ದವನು ಕೈಲಾಂಚದ ಆಚೆಯ ಹಳ್ಳಿಯವನು, ಕುರಿ ಸಾಕುವ ಮನೆಯವನು, ನಲವತ್ತರ ಆಸುಪಾಸು. ಹಿಂದೆ ಅವನ ಹೆಂಡತಿ, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂತವಳು, ತೊಡೆಯ ಮೇಲೆ ಸೊಪ್ಪಿನ ಚೀಲ. ಗಾಡಿ ನಿಂತದ್ದೇ ತಡ, ಅವಳು ಇಳಿದು, ಮೋರಿ ದಾಟಿ, ಎದುರಿನ ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಇದು ನಮ್ಮ ಕಡೆಯ ರೂಢಿ. ಗಾಡಿಯ ಮಾತು ಗಂಡಸರದ್ದು. ಅದು ಮುಗಿಯುವ ತನಕ ಹೆಂಗಸರು ಮರದ ಕೆಳಗೆ. ಆ ಹೊಂಗೆ ಮರ ನನ್ನ ಅಂಗಡಿಯ ವೇಟಿಂಗ್ ರೂಮು ಎಂದುಕೊಂಡು ನೆಮ್ಮದಿಯಾಗಿದ್ದೆ.

"ಅಣ್ಣ, ಹಿಂದ್ಗಡೆ ಟೈರ್ ಸವ್ದೋಗೈತೆ. ಇದೇ ನಂಬರ್ದು ಒಂದು ಹಾಕ್ಬುಡು. ಬೇರೆ ಏನೂ ಕೆಲ್ಸ ಇಲ್ಲ" ಅಂದ.

ಮರದ ಕಡೆಯಿಂದ, ಯಾರನ್ನೂ ನೋಡದೆ, ಮೋರಿಗೆ ಹೇಳಿದಂತೆ ಒಂದು ಮಾತು ಬಂತು: "ನಾನು ಕೂತ್ರೆ ಎಳೀತದೆ ಅಂತಾನೂ ಹೇಳ್ಬೋದು."

"ಅವ್ಳಿಗೆ ಕೂರಕ್ಕೆ ಬರಕ್ಕಿಲ್ಲ ಕಣಣ್ಣ. ನಾನೊಬ್ನೇ ಹೋದ್ರೆ ಬೆಣ್ಣೆ ಮ್ಯಾಲೆ ಹೋದಂಗ್ ಹೋಯ್ತದೆ."

ವರ್ಷಗಟ್ಟಲೆ ಗಂಡನ ಬೈಕಿನ ಹಿಂದೆ ಕೂತವಳಿಗೆ ಕೂರಲು ಬರುವುದಿಲ್ಲ ಎಂಬ ವಾದ ನನಗೂ ಒಸಿ ಜಾಸ್ತಿಯೇ ಅನ್ನಿಸಿತು. ಆದರೂ ಗಿರಾಕಿಯ ಸಂಸಾರದಲ್ಲಿ ತಲೆ ಹಾಕುವುದು ಟೈರಂಗಡಿಯ ಕೆಲಸವಲ್ಲ. ಮಂಡಿಯೂರಿ ನಂಬರು ನೋಡಿದೆ. ನೂರ ಮೂವತ್ತು, ಎಂಬತ್ತು, ಹದಿನೆಂಟು.

ಅದು ದಪ್ಪ ಟೈರು. ಸವೆದದ್ದೂ ವಿಚಿತ್ರವಾಗಿ. ನಟ್ಟನಡುವೆ ಎರಡು ಬೆರಳಗಲ ಬೋಳು, ಎರಡೂ ಅಂಚು ಹೊಸದರಂತೆ. ಎಡಗಡೆಯ ಗೋಡೆಯ ಮೇಲೆ ಒಂದು ಕಡೆ ಉಜ್ಜಿದ ಗೆರೆ. ರಿಮ್ಮನ್ನು ಒರೆಸಿ, ಅದರ ಮೇಲೆ ಒತ್ತಿದ್ದ ಅಳತೆ ನೋಡಿದೆ. ಅಗಲ ಎರಡೂಕಾಲು ಇಂಚಿಗೂ ಕಡಿಮೆ. ನೂರ ಮೂವತ್ತರ ಟೈರಿಗೆ ಮೂರಿಂಚಿನ ರಿಮ್ಮಾದರೂ ಬೇಕು. ಕಿರಿದಾದ ರಿಮ್ಮಿಗೆ ದಪ್ಪ ಟೈರನ್ನು ತುರುಕಿದರೆ ಎರಡೂ ಕಡೆಯಿಂದ ಹಿಂಡಿದಂತಾಗಿ ನೆತ್ತಿ ಗುಂಡಗಾಗುತ್ತದೆ. ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ನೋಡಲು ಪೈಲ್ವಾನ, ನಿಲ್ಲುವುದು ಒಂಟಿ ಕಾಲಿನಲ್ಲಿ.

ಯಾರು ಹಾಕಿದ್ದು ಎಂದು ಕೇಳಿದೆ. ಗಾಡಿ ಸೆಕೆಂಡ್ ಹ್ಯಾಂಡು, ಮಾಗಡಿಯವನೊಬ್ಬನಿಂದ ತಗೊಂಡದ್ದು. ಟೈರು ಅವನೇ ಹಾಕಿಸಿದ್ದು, ಇದು ಎಕ್ಸ್‌ಟ್ರಾ ಗ್ರಿಪ್ಪು ಅಂತ ಹೇಳಿದ್ದನಂತೆ. ಜೊತೆಗೆ ದೊಡ್ಡಆಲಹಳ್ಳಿಯಲ್ಲಿರುವ ಭಾಮೈದನ ಗಾಡಿಗೆ ಇನ್ನೂ ದಪ್ಪದ್ದು ಇದೆಯಂತೆ. ಈ ಎರಡನೆಯ ಕಾರಣವೇ ಮುಖ್ಯವಾದದ್ದು ಎಂದು ಅವನ ಮುಖ ಹೇಳುತ್ತಿತ್ತು.

ಕಂಪನಿಯವರು ಟೈರಿನ ಅಳತೆಯನ್ನು ಚೈನ್ ಕವರಿನ ಮೇಲೆ ಒಂದು ಸ್ಟಿಕ್ಕರಿನಲ್ಲಿ ಬರೆದಿರುತ್ತಾರೆ. ಬಗ್ಗಿ ನೋಡಿದರೆ ಅದರ ಮೇಲೆ ಇನ್ನೊಂದು ಸ್ಟಿಕ್ಕರು, ಒಬ್ಬ ದೇವರದ್ದು. ಅದರ ಮೇಲೆ ಕೆಲವು ಆಯುಧಪೂಜೆಗಳ ಅರಿಶಿನ, ಕುಂಕುಮ, ಗಂಧ, ಚೈನಿನ ಎಣ್ಣೆ ಎಲ್ಲ ಬೆರೆತು ಗಟ್ಟಿಯಾಗಿತ್ತು. ಉಗುರು ಹಾಕಲು ಹೋದೆ. ಅವನು ಕೈ ಹಿಡಿದ.

"ದೇವ್ರನ್ನ ಕೀಳ್ಬ್ಯಾಡ ಕಣಣ್ಣ."

"ನಿಮ್ಮನೆ ದೇವ್ರಾ?"

"ಅಲ್ಲ. ಮಾಗಡಿಯವ್ನ ಮನೆ ದೇವ್ರು. ಆದ್ರೂ ದೇವ್ರಲ್ವಾ?"

ಸೆಕೆಂಡ್ ಹ್ಯಾಂಡ್ ಗಾಡಿಯ ಜೊತೆ ಸೆಕೆಂಡ್ ಹ್ಯಾಂಡ್ ದೇವರೂ ಬರುತ್ತಾನೆ, ಅವನನ್ನು ಇಳಿಸಲು ಆರ್.ಟಿ.ಓ. ಆಫೀಸಿನಲ್ಲಿ ಯಾವ ಏರ್ಪಾಡೂ ಇಲ್ಲ. ದೇವರನ್ನು ಅಲ್ಲಿಯೇ ಬಿಟ್ಟು ಶೋರೂಮಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಗಾಡಿಯ ಹೆಸರು ಕೇಳಿ, ನೂರ ಇಪ್ಪತ್ತು, ಎಂಬತ್ತು, ಹದಿನೆಂಟು ಅಂದಳು. ಇದು ಹಳೇ ವರ್ಷದ ಗಾಡಿ, ರಿಮ್ಮು ಸಣ್ಣದು ಎಂದೆ. ತಮ್ಮಲ್ಲಿ ಈಗ ಬರುವುದು ಅದೇ ನಂಬರು ಸಾರ್ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಈಗಿನ ಗಾಡಿಗೆ ಅದೇ ಸರಿ. ನನ್ನ ಮುಂದೆ ನಿಂತದ್ದು ಆಗಿನದು, ಅಷ್ಟೇ.

ಟೈರು ಬಿಚ್ಚುತ್ತ ಕೂತಾಗ ಅವನ ಮಾತಿನಲ್ಲಿ ಒಂದೊಂದಾಗಿ ವಿಷಯ ಹೊರಬಂತು. ಹೆಂಡತಿ ನಾಲ್ಕೂರು ಆಚೆಯ ಸರ್ಕಾರಿ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಇವನು ಅವಳನ್ನು ಇಳಿಸಿ ಬಂದು ಕುರಿ ಬಿಡಬೇಕು. ಸಂತೆಯ ದಿನಗಳಲ್ಲಿ ಮೊದಲು ರಾಮನಗರಕ್ಕೆ ಬಂದು ತರಕಾರಿ ತುಂಬಿಕೊಂಡು ಹೋಗುವುದು. ಈಚೆಗೆ ಕೆರೆ ಏರಿಯ ತಿರುವಿನಲ್ಲಿ ಗಾಡಿಯ ಹಿಂಭಾಗ ಸರ್ರನೆ ಜಾರಿ ಅವಳು ಟೊಮೇಟೊ ಸಮೇತ ಕೆಳಗೆ ಬಿದ್ದಿದ್ದಳು. ಮೊಣಕೈ ತರಚಿತ್ತು, ಸೊಂಟ ಹಿಡಿದಿತ್ತು. ಅವತ್ತು ಮಕ್ಕಳ ಊಟ ತಡವಾಯಿತು. ಹೆಡ್‌ಮಾಸ್ಟರು ಬಹಳ ಮೃದುವಾಗಿ, ನಿಮಗೂ ಕಷ್ಟ, ಸ್ಕೂಲಿನ ಹತ್ತಿರ ಇರುವವರನ್ನೇ ಯಾರನ್ನಾದರೂ ನೋಡೋಣವೇನಮ್ಮ ಎಂದಿದ್ದರಂತೆ. ಆ ಮೃದುತ್ವದ ಅರ್ಥ ಎಲ್ಲರಿಗೂ ಗೊತ್ತು. ಆಮೇಲೆ ಅವಳು ಒಂದು ಷರತ್ತು ಹಾಕಿದ್ದಳು: ಗಾಡಿ ಸರಿಯಾದರೆ ಕೂರುತ್ತೇನೆ, ಇಲ್ಲದಿದ್ದರೆ ನಡೆದುಕೊಂಡು ಹೋಗುತ್ತೇನೆ. ನಡೆದರೆ ಒಲೆ ಹಚ್ಚುವ ಹೊತ್ತಿಗೆ ತಲುಪುವುದು ಕಷ್ಟ. ಕೆಲಸ ಹೋಗುವುದು ಖಂಡಿತ.

"ಬಿದ್ದದ್ದು ಟೈರಿಂದ ಅಲ್ಲ ಕಣಣ್ಣ" ಎಂದು ಅವನು ಮತ್ತೆ ತೀರ್ಪು ಕೊಟ್ಟ. "ಸರ್ಯಾಗ್ ಕೂತಿರ್ನಿಲ್ಲ."

ಅಷ್ಟರಲ್ಲಿ ನನ್ನ ಗೆಳೆಯ ಬಂದ. ಚನ್ನಪಟ್ಟಣದ ಮೆಕ್ಯಾನಿಕ್ಕು, ಇಂಥ ಗಾಡಿಗಳಲ್ಲೇ ತಲೆ ನೆರೆಸಿಕೊಂಡವನು. ಸ್ಪೇರ್ ಕೊಳ್ಳಲು ರಾಮನಗರಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಕೂತು ಎಲೆ ಅಡಿಕೆ ಹಾಕಿ, ಕೇಳದಿದ್ದರೂ ಸಲಹೆ ಕೊಟ್ಟು ಹೋಗುವುದು ಅವನ ವ್ರತ. ರಿಮ್ಮು ನೋಡಿ, ನೂರ ಇಪ್ಪತ್ತು ಕೂರ್ತದೆ ಕಣ್ಲಾ, ಎಷ್ಟು ಜನಕ್ಕೆ ಹಾಕಿಲ್ಲ, ಅಂದ. ಕೂರುತ್ತದೆ, ನಿಜ. ಕೆಂಪು ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನೂ ಕೂರುತ್ತಾನೆ. ನನ್ನ ಮನಸ್ಸು ನೂರ ಹತ್ತು, ತೊಂಬತ್ತು, ಹದಿನೆಂಟು ಎನ್ನುತ್ತಿತ್ತು. ಆ ವರ್ಷದ ಗಾಡಿಗೆ ಬರುತ್ತಿದ್ದದ್ದು ಅದು ಎಂದು ನೆನಪು. ಆದರೆ ಆ ಅಳತೆ ನನ್ನ ಅಂಗಡಿಯಲ್ಲಿ ಇರಲಿಲ್ಲ. ಶೋರೂಮು ಒಂದು ಕಡೆ, ಗೆಳೆಯ ಒಂದು ಕಡೆ, ಗಿರಾಕಿಯ ಆಸೆ ಮೂರನೆಯ ಕಡೆ, ಸೊಪ್ಪು ಬಾಡುತ್ತಿದೆ ಎಂದು ಮರದ ಕೆಳಗಿನ ಮೌನ ನಾಲ್ಕನೆಯ ಕಡೆ. ನೂರ ಇಪ್ಪತ್ತನ್ನೇ ಇಳಿಸಿದೆ.

ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಸ್ಪೋಕುಗಳ ತುದಿ ಟ್ಯೂಬಿಗೆ ಚುಚ್ಚದಂತೆ ಒಳಗಿನ ರಬ್ಬರ್ ಪಟ್ಟಿ ಹೊಸದು ಹಾಕಿದೆ. ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯೇ ಎಂದು ನೋಡಿ, ಅಂಚಿಗೆ ಸೋಪಿನ ನೀರು ಸವರಿ, ಟ್ಯೂಬಿಗೆ ಒಸಿ ಗಾಳಿ ತುಂಬಿ ಒಳಗೆ ಕೂರಿಸಿ, ಲಿವರಿನಿಂದ ಕೊನೆಯ ಗೇಣನ್ನು ಒಳಗೆ ತಳ್ಳುವಾಗ ಟ್ಯೂಬನ್ನು ಕಚ್ಚದಂತೆ ಜೋಪಾನ ಮಾಡಿದೆ. ಪೂರ್ತಿ ಗಾಳಿ ಹೊಡೆದು, ರಿಮ್ಮಿನ ಅಂಚಿನ ಸುತ್ತ ಗೆರೆ ಒಂದೇ ಸಮ ಎದ್ದಿದೆಯೇ ಎಂದು ಚಕ್ರ ತಿರುಗಿಸಿ ನೋಡಿದೆ. ಎದ್ದಿತ್ತು.

ಎಡಗಡೆ ಮಾತ್ರ ಇಕ್ಕಟ್ಟು. ಮಾಗಡಿಯವನು ಕಂಪನಿಯ ಸೀರೆ ಗಾರ್ಡನ್ನು ಅಂದಕ್ಕೆ ಅಡ್ಡಿ ಎಂದು ಕಿತ್ತೆಸೆದಿದ್ದ. ಇವನು ಗಾಡಿ ತಗೊಂಡ ಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಬೇರೆ ಮಾಡಿಸಿದ್ದ. ಚಕ್ರಕ್ಕೆ ಸೆರಗು ಸಿಕ್ಕದಂತೆ ನಾಲ್ಕು ಕಂಬಿ, ಕೆಳಗೆ ಕಾಲಿಡಲು ಒಂದು ಕಬ್ಬಿಣದ ಹಲಗೆ, ಚೀಲ ತೂಗುಹಾಕಲು ಒಂದು ಕೊಂಡಿ. ವೆಲ್ಡಿಂಗಿನವನು ಅದನ್ನು ಹಿಡಿದಿಡುವ ಒಂದು ಪಟ್ಟಿಯನ್ನು ಶಾಕಬ್ಸರಿನ ಹೊರಗಿನಿಂದ ಹಾಯಿಸುವ ಬದಲು ಒಳಗಿನಿಂದ, ಟೈರಿನ ಪಕ್ಕದಿಂದ ಹಾಯಿಸಿದ್ದ. ಪಟ್ಟಿಗೂ ಟೈರಿಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಗಿಬಂತು. ಸಾಕು ಅನ್ನಿಸಿತು.

ಅವನು ಓಡಿಸಿದ. ಗೆಳೆಯ ಓಡಿಸಿದ. ನಾನೂ ರೈಲ್ವೆ ಸ್ಟೇಷನ್ ತನಕ ಓಡಿಸಿ ನೋಡಿದೆ. ಬೆಣ್ಣೆ. ಮೂವರೂ ಪರಸ್ಪರ ತಲೆದೂಗಿದೆವು. ಗಂಡ ಕರೆದ ಮೇಲೆ ಅವಳು ಮೋರಿ ದಾಟಿ ಬಂದು ಹತ್ತಿ ಕೂತಳು. ಹೋಗುವಾಗ ಒಂದು ಕೈ ಸೀಟಿನ ಬೆಲ್ಟಿನಲ್ಲಿ, ಇನ್ನೊಂದು ಹಿಂದಿನ ಕಂಬಿಯಲ್ಲಿ. ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದದ್ದು ನನಗೆ ಕಂಡಿತ್ತು. ಕಂಡದ್ದನ್ನೆಲ್ಲ ಮನಸ್ಸಿಗೆ ತಗೊಳ್ಳುತ್ತ ಕೂತರೆ ಅಂಗಡಿ ನಡೆಯುವುದಿಲ್ಲ.

ಮುಂದಿನ ಸಂತೆಯ ದಿನ ಅವನು ಗಾಡಿಯನ್ನು ಓಡಿಸಿಕೊಂಡು ಬಂದ, ಅವಳು ಶೇರ್ ಆಟೋದಲ್ಲಿ ಹಿಂದಿನಿಂದ ಬಂದಳು. ಗಂಡ ಹೆಂಡತಿ ಎರಡು ಗಾಡಿಯಲ್ಲಿ ಬಂದಿಳಿಯುವುದನ್ನು ನೋಡಿದಾಗಲೇ ನನ್ನ ಮಂಡಿ ನೋಯಲು ಶುರುವಾಯಿತು. ಹೊಸ ಟೈರು ಹಾಕಿಸಿಕೊಂಡು ಹೋದ ದಿನವೇ ಕೈಲಾಂಚದ ದಾರಿಯಲ್ಲಿ ಮತ್ತೆ ಎಳೆದಿತ್ತು. ರಬ್ಬರು ಸುಟ್ಟ ವಾಸನೆ ಬಂದಿತ್ತು. ಅವಳು ನಡುದಾರಿಯಲ್ಲೇ ಇಳಿದು ಚೀಲ ಹೊತ್ತುಕೊಂಡು ನಡೆದಿದ್ದಳು. ಹೊಸ ಟೈರಿನ ಎಡ ಗೋಡೆಯ ಮೇಲೆ ಅದೇ ಜಾಗದಲ್ಲಿ ಅದೇ ಗೆರೆ.

ಕಿರುಬೆರಳು ಹಾಕಿದೆ. ಸಲೀಸಾಗಿ ಹೋಗಿಬಂತು.

ಇಲ್ಲಿಂದ ಮುಂದೆ ನಡೆದದ್ದನ್ನು ನನ್ನ ಕಸುಬಿನವರು ಓದಿದರೆ ನಗದೆ ಓದಬೇಕೆಂದು ವಿನಂತಿ. ಗೆಳೆಯನನ್ನು ಚನ್ನಪಟ್ಟಣದಿಂದ ಕರೆಸಿದೆ. ಎರಡೂ ಚಕ್ರಕ್ಕೆ ದಾರ ಹಿಡಿದು ಒಂದೇ ಗೆರೆಯಲ್ಲಿವೆಯೇ ಎಂದು ನೋಡಿದೆವು. ಇದ್ದವು. ಹಿಂದಿನ ಚಕ್ರವನ್ನು ಬಿಚ್ಚಿ ಬೇರಿಂಗು ಅಲ್ಲಾಡಿಸಿದೆವು, ಅಲ್ಲಾಡಲಿಲ್ಲ. ಚಕ್ರ ಹಿಡಿಯುವ ಫೋರ್ಕಿನ ಬುಷ್ ನೋಡಿದೆವು, ಗಟ್ಟಿಯಾಗಿತ್ತು. ಸ್ಪೋಕುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳಿದೆವು. ಸಡಿಲವಾದ ಒಂದೆರಡನ್ನು ಬಿಗಿದು, ರೋಗ ಸಿಕ್ಕಿತು ಎಂದು ಐದು ನಿಮಿಷ ಸಂಭ್ರಮಪಟ್ಟು, ಮತ್ತೆ ಅವನನ್ನು ಓಡಿಸಲು ಕಳಿಸಿದೆವು. ಅವನು ಹೋಗಿ ಬಂದು ಬೆಣ್ಣೆ ಅಂದ. ಅವಳು ಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸ್ಕೂಲಿಗೆ ಅವತ್ತು ಜೊತೆಯ ಅಡುಗೆಯವಳನ್ನು ಒಪ್ಪಿಸಿ ಬಂದಿದ್ದಳಂತೆ. ದಿನಾ ಒಪ್ಪಿಸಲು ಆಗುವುದಿಲ್ಲ ಎಂಬುದನ್ನೂ ಗಂಡನ ಮೂಲಕವೇ ತಿಳಿಸಿದಳು.

ಮಧ್ಯಾಹ್ನದ ಬಿಸಿಲಿಗೆ ನಾವಿಬ್ಬರೂ ಸೋತಿದ್ದೆವು. ಗೆಳೆಯ ಎದ್ದು ಹ್ಯಾಕ್ಸಾ ತಂದ.

"ಲೇ, ಈ ಗಾರ್ಡ್‌ನ ಕುಯ್ದು ಬಿಸಾಕ್ಲಾ. ಎಲ್ಲಾ ರಗಳೆ ಇದ್ರಿಂದ್ಲೇ. ಈಗಿನ ಕಾಲ್ದಲ್ಲಿ ಸೀರೆ ಗಾರ್ಡ್ ಯಾರ್ ಇಟ್ಕೊಂಡವ್ರೆ?"

ಗಿರಾಕಿಯ ಮುಖ ಅರಳಿತು. ಗಾರ್ಡು ಹೋದರೆ ದಪ್ಪ ಟೈರು ಉಳಿಯುತ್ತದೆ, ಗಾಡಿ ಭಾಮೈದನ ಗಾಡಿಯ ಸಮಕ್ಕೆ ಬರುತ್ತದೆ. ನಾನು ಗಾರ್ಡಿನ ಪಟ್ಟಿ ಹಿಡಿದುಕೊಂಡೆ, ಗೆಳೆಯ ಬ್ಲೇಡು ಇಟ್ಟ. ಆಗ ಅವಳು ಎದ್ದು ಬಂದಳು. ಮೋರಿ ದಾಟಿ ಅಂಗಡಿಯ ನೆರಳಿಗೆ ಅವಳು ತಾನಾಗಿ ಬಂದದ್ದು ಅದೇ ಮೊದಲು.

"ಕುಯ್ರಿ ಅಣ್ಣ. ಕುಯ್ದು, ನನ್ನ ಕಾಲು ಎಲ್ಲಿ ಇಡ್ಬೇಕು ಅಂತಾನೂ ನೀವೇ ಹೇಳ್ಬುಡಿ. ಇವ್ರ ತಲೆ ಮ್ಯಾಲೆ ಇಡ್ಲಾ?"

ಗೆಳೆಯನ ಬಾಯಲ್ಲಿ ಎಲೆ ಅಡಿಕೆ ಇದ್ದದ್ದರಿಂದ ಅವನಿಗೆ ಉತ್ತರಿಸುವ ಕಷ್ಟ ಬರಲಿಲ್ಲ. ಅವಳು ಮುಂದುವರಿಸಿದಳು, ದನಿ ಏರಿಸದೆ.

"ಅವತ್ತಿಂದ ಮೂರು ಜನ ಗಂಡಸ್ರು ಓಡ್ಸಿ ಓಡ್ಸಿ ನೋಡ್ತಾನೇ ಇದ್ದೀರಿ. ಕೂರೋಳು ನಾನು. ನನ್ನ ಯಾರಾರ ಒಂದಪ ಕೂರ್ಸಿ ನೋಡುದ್ರಾ?"

ಯಾರೂ ನೋಡಿರಲಿಲ್ಲ. ನಾನು ಪಟ್ಟಿಯಿಂದ ಕೈ ತೆಗೆದು, ಗೆಳೆಯನ ಕೈಯಿಂದ ಹ್ಯಾಕ್ಸಾ ಇಸಿದುಕೊಂಡು ಹಿಂದಕ್ಕಿಟ್ಟೆ.

"ಹತ್ತು ತಾಯಿ" ಎಂದೆ. "ದಿನಾ ಹೆಂಗೆ ಕೂರ್ತೀಯೋ ಹಂಗೇ ಕೂರು. ಚೀಲಾನೂ ಹಾಕು."

ಮೊದಲು ಗಂಡನೊಬ್ಬನನ್ನೇ ಕೂರಿಸಿ, ನಾನು ನೆಲದ ಮೇಲೆ ಗೋಣಿಚೀಲ ಹಾಸಿ ಗಾಡಿಯ ಎಡ ಮಗ್ಗುಲಲ್ಲಿ ಮಲಗಿದೆ. ಈ ವಯಸ್ಸಿನಲ್ಲಿ ಮಲಗುವುದು ಸುಲಭ, ಏಳುವುದನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ. ಗೆಳೆಯನ ಸುಣ್ಣದ ಡಬ್ಬಿ ಕೇಳಿದೆ. ಒಂದು ಬೆರಳು ಸುಣ್ಣ ತೆಗೆದು ಪಟ್ಟಿಯ ಒಳಮೈಗೆ, ಟೈರಿನ ಕಡೆಗೆ, ದಪ್ಪಗೆ ಬಳಿದೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಗೆಳೆಯ ಎರಡು ಮಾರು ಮುಂದಕ್ಕೆ ತಳ್ಳಿದ. ಟೈರು ಕಪ್ಪಗೇ ಇತ್ತು.

ಆಮೇಲೆ ಅವಳು ಹತ್ತಿದಳು. ಎರಡೂ ಕಾಲು ಎಡಕ್ಕೆ, ಎರಡೂ ಪಾದ ಹಲಗೆಯ ಮೇಲೆ. ತೊಡೆಯ ಮೇಲೆ ಸೊಪ್ಪಿನ ಚೀಲ. ಟೊಮೇಟೊ ಚೀಲ ಗಾರ್ಡಿನ ಕೊಂಡಿಗೆ. ಈರುಳ್ಳಿಯದನ್ನು ಅವಳು ಹಲಗೆಯ ಮೇಲೆ ಪಾದಗಳ ನಡುವೆ ಇಟ್ಟುಕೊಂಡಳು. ಇದನ್ನು ಗಂಡನೂ ಇಷ್ಟು ದಿನ ನೋಡಿರಲಿಲ್ಲ. ಅವನ ಕಣ್ಣು ಯಾವಾಗಲೂ ಮುಂದಕ್ಕೆ. ಹಲಗೆಗೆ ಅವಳ ಭಾರ ಬಿದ್ದ ಕೂಡಲೆ ಗಾರ್ಡಿನ ಹೊರಗಿನ ತುದಿ ಕೆಳಗಿಳಿಯಿತು, ಒಳಗಿನ ಪಟ್ಟಿ ಕದ ಮುಚ್ಚಿದಂತೆ ಮೆಲ್ಲಗೆ ಟೈರಿನ ಕಡೆಗೆ ವಾಲಿತು. ಮಲಗಿದ್ದಲ್ಲಿಂದಲೇ ನನ್ನ ಕಿರುಬೆರಳು ಹಾಕಲು ಹೋದೆ. ಜಾಗವಿರಲಿಲ್ಲ.

ಎದ್ದೆ, ಅಥವಾ ನನ್ನನ್ನು ಎಬ್ಬಿಸಲಾಯಿತು. ಗೆಳೆಯನೂ ನಾನೂ ಹಿಂದಿನಿಂದ ಗಾಡಿ ತಳ್ಳಿದೆವು. ಗಂಡ ಹೆಂಡತಿ ಮೇಲೆ ಗಂಭೀರವಾಗಿ ಕೂತಿದ್ದರು. ಮದುವೆಯ ದಿನದ ಮೆರವಣಿಗೆಯೂ ಇಷ್ಟು ನಿಧಾನವಾಗಿ ಹೋಗಿರಲಾರದು. ಬೇಕರಿಯವನು ಹೊರಗೆ ಬಂದು ನಿಂತು ನೋಡಿದ. ಮೋರಿಯ ಕಲ್ಲಿನ ಹತ್ತಿರ ನಿಲ್ಲಿಸಿ ಇಬ್ಬರನ್ನೂ ಇಳಿಸಿ ನೋಡಿದರೆ, ಟೈರಿನ ಎಡ ಗೋಡೆಯ ಮೇಲೆ ಬಿಳಿಯ ಗೆರೆ, ಸುತ್ತಲೂ, ಎಡೆಬಿಡದೆ.

ಅವನು ಕುಕ್ಕರಗಾಲಲ್ಲಿ ಕೂತು ಆ ಸುಣ್ಣದ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ಅವಳನ್ನು ಕೇಳದೆ ನನ್ನನ್ನು ಕೇಳಿದ.

"ಕೆರೆ ಏರಿ ಮ್ಯಾಲೆ ಬಿದ್ಳಲ್ಲ. ಅದೂ ಇದೇನಾ?"

"ಇದೇ. ತಿರುವಲ್ಲಿ ಟೈರ್ ಕಚ್ಕೊಂಡೈತೆ. ಅವ್ಳು ಸರ್ಯಾಗೇ ಕೂತಿದ್ಲು."

ಅವನು ಸುಣ್ಣದ ಬೆರಳನ್ನು ಪಂಚೆಗೆ ಒರೆಸಿಕೊಂಡ. ಅವಳು ಈರುಳ್ಳಿ ಚೀಲದ ಬಾಯಿ ಕಟ್ಟುವುದರಲ್ಲಿ ಮಗ್ನಳಾಗಿದ್ದಳು. ಕಟ್ಟಿದ್ದ ಚೀಲವನ್ನೇ ಮತ್ತೆ ಕಟ್ಟುತ್ತಿದ್ದಳು.

ಇನ್ನು ಉಳಿದದ್ದು ಲೆಕ್ಕ. ನೂರ ಹತ್ತರ ಟೈರು ನೂರ ಇಪ್ಪತ್ತಕ್ಕಿಂತ ಹತ್ತು ಮಿಲಿಮೀಟರು ಕಡಿಮೆ. ಒಂದೊಂದು ಕಡೆಗೆ ಐದು ಉಳಿತಾಯ. ಆ ರಿಮ್ಮಿಗೆ ಅದೇ ಒಪ್ಪುವ ಅಳತೆ, ಹಿಂಡಿಸಿಕೊಳ್ಳದೆ ಕೂರುತ್ತದೆ. ಗೋಡೆಯ ಎತ್ತರ ತೊಂಬತ್ತರ ಲೆಕ್ಕದ್ದಾದ್ದರಿಂದ ಚಕ್ರದ ಒಟ್ಟು ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಪಟ್ಟಿಯ ಬೋಲ್ಟಿನ ಕೆಳಗೆ ಎರಡು ವಾಷರು ಕೊಟ್ಟರೆ ಇನ್ನಷ್ಟು ಜಾಗ. ಪಟ್ಟಿಯನ್ನೇ ಹೊರಗೆ ಹಾಯಿಸಿ ದಪ್ಪ ಟೈರು ಉಳಿಸಿಕೊಳ್ಳಬಹುದಲ್ಲ ಎಂದು ಗೆಳೆಯ ಕೇಳಿದ. ಹಲಗೆ ಇನ್ನೂ ಆಚೆಗೆ ಹೋಗುತ್ತದೆ, ಭಾರ ಇನ್ನೂ ಒಂದೇ ಕಡೆಗೆ, ರಿಮ್ಮಿನ ತೊಂದರೆ ಇದ್ದಲ್ಲೇ. ನೂರ ಹತ್ತು ಬಿಟ್ಟು ಬೇರೆ ಹಾಕುವುದಿಲ್ಲ ಎಂದೆ. ಬೇಕಾದರೆ ಬೇರೆ ಅಂಗಡಿಗೆ ಹೋಗಬಹುದು ಎಂದೂ ಹೇಳಿದೆ. ಇಂಥ ಮಾತು ಹೇಳಿ ನನಗೆ ಅಭ್ಯಾಸವಿಲ್ಲ, ದಣಿವು ಹೇಳಿಸಿತು.

"ಸೈಕಲ್ ಥರ ಕಾಣಕ್ಕಿಲ್ವಾ ಅಣ್ಣ? ನಮ್ಮ ಭಾಮೈದ ನಗ್ತಾನೆ" ಎಂದು ಅವನು ಕೊನೆಯ ಸಲ ಕೇಳಿ ನೋಡಿದ.

"ನಮ್ ತಮ್ಮ ನಗ್ಲಿ ಬುಡಣ್ಣ" ಎಂದಳು ಅವಳು, ಮಾಮೂಲಿನಂತೆ ನನಗೆ. "ಅವ್ನ ಗಾಡೀಲಿ ಹಿಂದೆ ಕೂರಕ್ಕೆ ಅವ್ನ ಹೆಂಡ್ತಿನೂ ಒಪ್ಪಕ್ಕಿಲ್ಲ."

ಟೈರು ಸಿಗುವ ತನಕ ಇಬ್ಬರು ಕೂರಬಾರದು ಎಂದು ಹೇಳಿ ಕಳಿಸಿದೆ. ಅಂದರೆ ಅವಳು ನಡೆಯಬೇಕು. ಮಾರನೆಯ ದಿನದಿಂದ ಅವನ ಫೋನು ಶುರುವಾಯಿತು. ಸಿಕ್ತಾ ಅಣ್ಣ? ಕೋಳಿ ಕೂಗೋಕ್ಕೆ ಮುಂಚೆ ಎದ್ದು ಹೋಗ್ತಾವ್ಳೆ ಅಣ್ಣ. ನಡ್ದೂ ನಡ್ದೂ ಸೊಂಟ ಮತ್ತೆ ಹಿಡ್ಕೊಂಡೈತೆ ಅಣ್ಣ. ಕುರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ತಾನೂ ಅರ್ಧ ದಾರಿ ಚೀಲ ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬುದನ್ನು ಮಾತ್ರ ಒಂದು ದಿನ ಬಾಯಿ ತಪ್ಪಿ ಹೇಳಿದ.

ಎಲ್ಲರಿಗೂ ದಪ್ಪದ್ದೇ ಬೇಕಾದ ಕಾಲದಲ್ಲಿ ನೂರ ಹತ್ತು, ತೊಂಬತ್ತು, ಹದಿನೆಂಟನ್ನು ಹುಡುಕುವುದು ಸಾಮಾನ್ಯ ಸಂಗತಿಯಲ್ಲ. ಚನ್ನಪಟ್ಟಣದಲ್ಲಿ ಇದೆ ಅಂದರು. ಗೆಳೆಯ ಹೋಗಿ ನೋಡಿದರೆ ಕೊನೆಯ ಅಂಕಿ ಹದಿನೇಳು. ಮಾಗಡಿಯಲ್ಲಿ ಒಬ್ಬ ಅಟ್ಟದಿಂದ ತೆಗೆದು ಒರೆಸಿ ಫೋಟೋ ಕಳಿಸಿದ್ದು ಹತ್ತೊಂಬತ್ತರ ರಿಮ್ಮಿನದು, ವೇಷದ ಅಜ್ಜನಿಗಲ್ಲ, ನಿಜವಾದ ಅಜ್ಜನಿಗೆ ಆಗುವಂಥದ್ದು. ಕನಕಪುರದಲ್ಲಿ ಸರಿಯಾದ ಅಳತೆಯದೇ ಇತ್ತು. ನನ್ನ ಸ್ಕೂಟರಿನಲ್ಲಿ ಹೋದೆ. ಟೈರು ಅಂಗಡಿಯ ಮುಂದೆ ಬೋರ್ಡಿನ ಬದಲು ನೇತುಹಾಕಿದ್ದದ್ದು. ಗೋಡೆಯ ಮೇಲಿನ ತಯಾರಿಯ ಗುರುತು ಓದಿದರೆ ಬಹಳ ವರ್ಷದ ಹಿಂದಿನದು. ಹೆಬ್ಬೆರಳಿನ ಉಗುರು ಒತ್ತಿದೆ, ಇಳಿಯಲಿಲ್ಲ. ಬಿಸಿಲಿಗೆ ಕಲ್ಲಾಗಿತ್ತು. ಅಂಗಡಿಯವನು, ಒಂದು ಸಲವೂ ರಸ್ತೆ ಮುಟ್ಟಿಲ್ಲ ಸಾರ್, ಹೊಸದು ಎಂದ. ಬೇಡವೆಂದು ತಿರುಗುವಾಗ ಸೊಂಟ ಹಿಡಿದ ಹೆಂಗಸು ಕಣ್ಣ ಮುಂದೆ ಬಂದಳು. ಒಂದು ಗಳಿಗೆ ಹಿಂತಿರುಗಿ ನೋಡಿದೆ. ಗಟ್ಟಿ ರಬ್ಬರು ಒದ್ದೆ ರಸ್ತೆಯಲ್ಲಿ ಸಾಬೂನು. ಹೊರಟೆ.

ಸಿಕ್ಕಿದ್ದು ಸಾತನೂರಿನಲ್ಲಿ. ಪಂಪ್‌ಸೆಟ್ಟಿನ ಪೈಪು, ಹಾಲಿನ ಕ್ಯಾನು, ಹಗ್ಗ ಮಾರುವ ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಟೈರು. ಯಾರೋ ಹೇಳಿ ತರಿಸಿ, ಆಮೇಲೆ ದಪ್ಪದ್ದು ಬೇಕೆಂದು ಬಿಟ್ಟು ಹೋಗಿದ್ದನಂತೆ. ಉಗುರು ಇಳಿಯಿತು. ಗುರುತು ಈಚಿನದು. ಮೂರು ಅಂಕಿಯನ್ನೂ ಬೆರಳಿಟ್ಟು ಓದಿದೆ, ಮಗ್ಗಿ ಒಪ್ಪಿಸುವವನಂತೆ. ಸ್ಕೂಟರಿನಲ್ಲಿ ಕಟ್ಟಲು ಜಾಗವಿಲ್ಲದೆ ತಲೆಯ ಮೂಲಕ ಹೆಗಲಿಗೆ ಹಾಕಿಕೊಂಡು ಬಂದೆ. ಈ ಕಸುಬಿನಲ್ಲಿ ನನಗೆ ಬಿದ್ದ ಮೊದಲ ಹಾರ ಅದು.

ಅದರ ಮುಂದಿನ ಸಂತೆಯ ದಿನ, ಬೆಳಕು ಹರಿಯುವಾಗಲೇ ಅಂಗಡಿ ತೆಗೆದೆ. ಅವನು ಗಾಡಿಯಲ್ಲಿ, ಅವಳು ಆಟೋದಲ್ಲಿ ಬಂದರು. ಟೈರು ಹಾಕಿದೆ. ಅದು ರಿಮ್ಮಿನೊಳಗೆ ಕೂತ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಹಿಂಡಿಸಿಕೊಂಡಿಲ್ಲ, ನೆಲಕ್ಕೆ ಅಗಲವಾಗಿ ಕಾಲೂರಿದೆ. ಪಟ್ಟಿಗೆ ವಾಷರು ಕೊಟ್ಟೆ. ಇಬ್ಬರ ಭಾರಕ್ಕೆಂದು ಹಿಂದೆ ಮೂವತ್ತೆರಡು ಪೌಂಡು ಗಾಳಿ. ಅವಳನ್ನು ಚೀಲಗಳ ಸಮೇತ ಕೂರಿಸಿ, ಮತ್ತೆ ಮಲಗಿ, ಕಿರುಬೆರಳು ಹಾಕಿದೆ. ಹೋಗಿಬಂತು. ಮತ್ತೆ ಸುಣ್ಣ ಬಳಿದು ತಳ್ಳಿದೆ. ಟೈರು ಕಪ್ಪಗೇ ಉಳಿಯಿತು.

ಅವನು ಅಭ್ಯಾಸಬಲದಿಂದ, ನಾನೊಂದ್ ರೌಂಡ್ ನೋಡ್ಕೊಂಡ್ ಬತ್ತೀನಿ ಎಂದು ಅವಳು ಇಳಿಯಲು ಕಾದ. ಅವಳು ಇಳಿಯಲಿಲ್ಲ. ನಾನೂ ಇಳಿಯಬೇಡ ಎಂದೆ. ಇಬ್ಬರೇ ಹೋಗಿ, ಹಂಪು, ತಿರುವು ಎಲ್ಲ ನೋಡಿಕೊಂಡು ಸ್ಟೇಷನ್ ತನಕ ಹೋಗಿ ಬನ್ನಿ, ಬಂದ ಮೇಲೆ ಟೈರಿನ ಗೋಡೆ ನೋಡಿ ಹೇಳುತ್ತೇನೆ ಎಂದೆ.

ಹೋದರು. ನಾನು ಗಾಳಿಯ ಗೇಜು ಹಿಡಿದು ರಸ್ತೆಯ ಪಕ್ಕ ನಿಂತೆ. ಕಾಯುವ ಹೊತ್ತು ಉದ್ದ. ಹೆರಿಗೆ ಆಸ್ಪತ್ರೆಯ ಹೊರಗೆ ನಿಂತ ಗಂಡಸರ ಮುಖ ಹೇಗಿರುತ್ತದೋ ನನ್ನದೂ ಹಾಗೇ ಇತ್ತು ಎಂದು ಬೇಕರಿಯವನು ಆಮೇಲೆ ಹೇಳಿದ.

ಸದ್ದು ಮೊದಲು ಬಂತು, ಆಮೇಲೆ ಗಾಡಿ. ಹಂಪಿನ ಮೇಲೆ ಎದ್ದು ಇಳಿಯಿತು, ಎಳೆಯಲಿಲ್ಲ. ನನ್ನ ಕಡೆಗೆ ಬರುತ್ತಿದ್ದಂತೆ ಅವನು ವೇಗ ಕಡಿಮೆ ಮಾಡಿ, ನಿಲ್ಲಿಸಲು ಕಾಲು ಇಳಿಬಿಟ್ಟ. ಹಿಂದಿನಿಂದ ಅವಳು ಅವನ ಬೆನ್ನಿಗೆ ಒಂದು ತಟ್ಟಿದಳು. ಕಾಲು ಮೇಲಕ್ಕೆ ಹೋಯಿತು. ಗಾಡಿ ನಿಲ್ಲದೆ ನನ್ನ ಮುಂದೆಯೇ ಹಾದು ಹೋಯಿತು.

"ಹೊತ್ತಾಯ್ತದೆ ಕಣಣ್ಣ, ಒಲೆ ಹಚ್ಬೇಕು" ಎಂದಳು, ಹಾದು ಹೋಗುತ್ತಲೇ. ತಟ್ಟಿದ ಕೈಯನ್ನು ಹಾಗೇ ಮೇಲೆತ್ತಿ ನನಗೆ ಬೀಸಿದಳು. ಇನ್ನೊಂದು ಕೈ ತೊಡೆಯ ಮೇಲಿನ ಸೊಪ್ಪಿನ ಚೀಲದ ಮೇಲೆ, ಸುಮ್ಮನೆ ಇಟ್ಟುಕೊಂಡಂತೆ. ಸೀಟಿನ ಬೆಲ್ಟನ್ನು ಯಾರೂ ಹಿಡಿದಿರಲಿಲ್ಲ.

ಗೇಜು ಹಿಡಿದುಕೊಂಡು ನಾನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ. ಎದುರಿಗೆ ಹೊಂಗೆ ಮರದ ಕೆಳಗೆ ಹೋದ ವಾರ ಸುಲಿದ ಅವರೆಕಾಯಿಯ ಸಿಪ್ಪೆ ಒಣಗಿ ಬಿದ್ದಿತ್ತು, ಅಷ್ಟೇ.